ಗಾಣದ ಎಣ್ಣೆ ಅಂಗಡಿಯ ಕನ್ನಡ ಬ್ಲಾಗ್: ಪುಟದ ವಿನ್ಯಾಸ ಹೇಗಿರಬೇಕು?

ಗಾಣದಮನೆ:

ಎಲ್ಲರಿಗೂ ನಮಸ್ಕಾರ. ತುಮಕೂರಿನ ಮರದ ಗಾಣದ ಅಂಗಡಿಯೊಂದರ ಬ್ಲಾಗ್ ಬಗ್ಗೆ ಸಲಹೆ ಬೇಕು. ಕಡಲೆಕಾಯಿ, ಕೊಬ್ಬರಿ, ಎಳ್ಳು, ಹುಚ್ಚೆಳ್ಳು, ಕುಸುಬೆ, ಹೀಗೆ ಐದು ಬಗೆಯ ಎಣ್ಣೆ ಇದೆ. ತಾಣ ವರ್ಡ್‌ಪ್ರೆಸ್‌ನಲ್ಲಿದೆ, 14 ಲೇಖನಗಳಿವೆ, ಎಲ್ಲವೂ ಕನ್ನಡ. ಬಳಸಿರುವುದು ಇಂಗ್ಲಿಷ್‌ಗೆಂದು ಮಾಡಿದ ಉಚಿತ ಥೀಮ್ (ತಾಣದ ಸಿದ್ಧ ವಿನ್ಯಾಸ). ಓದುವವರೆಲ್ಲ ಹೆಚ್ಚುಕಡಿಮೆ ಮೊಬೈಲ್‌ನವರೇ.

ತೊಂದರೆಗಳು ಇವು. ಶೀರ್ಷಿಕೆ ಎರಡು ಸಾಲಾದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಮುಖಪುಟದ ಕಾರ್ಡ್‌ಗಳಲ್ಲಿ ಕೊನೆಯ ಸಾಲಿನ ಒತ್ತುಗಳು ಅರ್ಧಕ್ಕೆ ಕತ್ತರಿಸಿಹೋಗಿವೆ. ಬೆಲೆ, ಫೋನ್ ನಂಬರ್ ಎಲ್ಲ ಸೈಡ್‌ಬಾರ್‌ನಲ್ಲಿವೆ. ಮೊಬೈಲ್‌ನಲ್ಲಿ ಅವು ಪುಟದ ತಳಕ್ಕೆ ಹೋಗುತ್ತವೆ. ಲೇಖನ ಓದುತ್ತಾರೆ, ಆದರೆ ವಾಟ್ಸಾಪ್‌ನಲ್ಲಿ ವಿಚಾರಿಸುವವರು ತೀರಾ ಕಡಿಮೆ. ಎಲ್ಲಿಂದ ಸರಿಪಡಿಸಲು ಶುರು ಮಾಡಬೇಕು?

ಪುಟವಿನ್ಯಾಸ:

ಮೊದಲು ಲೇಖನದ ಪುಟ, ಆಮೇಲೆ ಮುಖಪುಟ. ಹೆಚ್ಚಿನವರು ತದ್ವಿರುದ್ಧ ಮಾಡುತ್ತಾರೆ. ಗೂಗಲ್‌ನಿಂದಾಗಲಿ, ಯಾರೋ ಕಳಿಸಿದ ವಾಟ್ಸಾಪ್ ಕೊಂಡಿಯಿಂದಾಗಲಿ ಬರುವವರು ನೇರವಾಗಿ ಲೇಖನಕ್ಕೇ ಇಳಿಯುತ್ತಾರೆ. ಅವರ ಪಾಲಿಗೆ ಆ ಒಂದು ಪುಟವೇ ಇಡೀ ಅಂಗಡಿ.

ಮೇಲಿನಿಂದ ಕೆಳಕ್ಕೆ ನಾನು ಇಡುವ ಕ್ರಮ ಹೀಗೆ:

ತಲೆಪಟ್ಟಿ ಸಣ್ಣದಿರಲಿ, 56 ಪಿಕ್ಸೆಲ್ ಎತ್ತರ ಸಾಕು. ಅದರಲ್ಲಿ ಅಂಗಡಿಯ ಹೆಸರು, ಮೆನು, ಫೋನ್ ಗುರುತು. ಅದರ ಕೆಳಗೆ ಶೀರ್ಷಿಕೆ, ದಿನಾಂಕ. ಆಮೇಲೆ ಎರಡು ಮೂರು ಸಾಲಿನಲ್ಲಿ ನೇರ ಉತ್ತರ. "ಕೊಬ್ಬರಿ ಎಣ್ಣೆ ಚಳಿಗಾಲದಲ್ಲಿ ಗಟ್ಟಿಯಾಗುವುದೇಕೆ" ಎಂಬ ಲೇಖನವಿದ್ದರೆ, "ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಇದು ಕಲಬೆರಕೆಯ ಗುರುತಲ್ಲ. ಡಬ್ಬವನ್ನು ಬಿಸಿನೀರಿನಲ್ಲಿ ನಿಲ್ಲಿಸಿದರೆ ಕರಗುತ್ತದೆ" ಎಂದು ಮೊದಲೇ ಹೇಳಿಬಿಡಿ. ಉತ್ತರ ಸಿಕ್ಕಿತೆಂದು ಓದುಗ ಎದ್ದುಹೋಗುತ್ತಾನೆ ಎಂಬ ಭಯ ಬೇಡ. ಸರಿಯಾದ ಉತ್ತರ ಕೊಟ್ಟವರ ಮಾತನ್ನೇ ಜನ ಮುಂದೆಯೂ ಓದುತ್ತಾರೆ.

ಚಿತ್ರ ಉತ್ತರದ ಕೆಳಗೆ ಬರಲಿ. ಶೀರ್ಷಿಕೆಗಿಂತ ಮೇಲೆ ದೊಡ್ಡ ಚಿತ್ರವಿಟ್ಟರೆ 360 ಪಿಕ್ಸೆಲ್ ಅಗಲದ ಫೋನಿನಲ್ಲಿ ಮೊದಲ ಪರದೆ ಪೂರ್ತಿ ಚಿತ್ರಕ್ಕೇ ಹೋಗುತ್ತದೆ. ಯಾವ ಲೇಖನಕ್ಕೆ ಬಂದೆವು ಎಂದೇ ತಿಳಿಯುವುದಿಲ್ಲ.

ಲೇಖನದ ನಡುವೆ, ವಿಷಯಕ್ಕೆ ಹೊಂದುವ ಒಂದೇ ಒಂದು ಉತ್ಪನ್ನದ ಕಾರ್ಡ್: ಚಿತ್ರ, ಅಳತೆ, ಬೆಲೆ, ವಾಟ್ಸಾಪ್ ಬಟನ್. ಐದೂ ಎಣ್ಣೆಗಳನ್ನು ಸಾಲಾಗಿ ಜೋಡಿಸಬೇಡಿ. ಕೊಬ್ಬರಿ ಎಣ್ಣೆಯ ಲೇಖನಕ್ಕೆ ಬಂದವರಿಗೆ ಕುಸುಬೆ ಎಣ್ಣೆಯ ಬೆಲೆ ಆ ಹೊತ್ತಿಗೆ ಬೇಕಿಲ್ಲ. ಕೊನೆಯಲ್ಲಿ ಸಂಬಂಧಪಟ್ಟ ಮೂರು ಲೇಖನ, ವಿಳಾಸ, ಅಂಗಡಿಯ ಸಮಯ, ನಕ್ಷೆಯ ಕೊಂಡಿ.

ಸೈಡ್‌ಬಾರ್ ತೆಗೆದುಹಾಕಿ. ದೊಡ್ಡ ಪರದೆಯಲ್ಲೂ ಬೇಡ. ಒಂದೇ ಕಂಬ, ಅಗಲ ಹೆಚ್ಚೆಂದರೆ 680 ಪಿಕ್ಸೆಲ್.

ಒತ್ತಕ್ಷರ:

ಒತ್ತು ತಾಗುವುದು, ಕತ್ತರಿಸಿಹೋಗುವುದು, ಎರಡಕ್ಕೂ ಮೂಲ ಒಂದೇ: ಲೈನ್-ಹೈಟ್, ಅಂದರೆ ಸಾಲಿನ ಎತ್ತರ ಅಕ್ಷರದ ಗಾತ್ರದ ಎಷ್ಟು ಪಟ್ಟು ಎಂಬ ಅಳತೆ. ಇಂಗ್ಲಿಷ್ ಥೀಮ್‌ಗಳು ಶೀರ್ಷಿಕೆಗೆ 1.1 ಅಥವಾ 1.2 ಇಟ್ಟಿರುತ್ತವೆ. ಕನ್ನಡದಲ್ಲಿ ಅಕ್ಷರದ ತಲೆಯ ಮೇಲೆ ಗುಡಿಸು, ಬುಡದಲ್ಲಿ ಒತ್ತು. "ರಾಷ್ಟ್ರ", "ಸ್ತ್ರೀ" ಇಂಥವುಗಳಲ್ಲಿ ಎರಡೆರಡು ಒತ್ತು. ಆ ಅಳತೆಯಲ್ಲಿ ಇವಕ್ಕೆ ಜಾಗವೇ ಇಲ್ಲ. ಶೀರ್ಷಿಕೆಗೆ 1.45ರಿಂದ 1.5, ಲೇಖನದ ಪಠ್ಯಕ್ಕೆ 1.75 ಕೊಡಿ.

ಕಾರ್ಡ್‌ನಲ್ಲಿ ಕತ್ತರಿಸಿಹೋಗುತ್ತಿರುವುದು ಲೈನ್-ಕ್ಲ್ಯಾಂಪ್‌ನಿಂದ ಇರಬೇಕು. ಎರಡು ಸಾಲಿಗೆ ಮಿತಿ ಹಾಕಿ, ಮಿಕ್ಕಿದ್ದನ್ನು ಮರೆಮಾಡುವ ಸೂಚನೆ ಅದು. ಮರೆಮಾಡುವಾಗ ಎರಡನೇ ಸಾಲಿನ ಬುಡವನ್ನೂ ಸವರಿಬಿಡುತ್ತದೆ. ಕೆಳಗೆ ಪ್ಯಾಡಿಂಗ್ (ಅಂಚಿನೊಳಗಿನ ಖಾಲಿ ಜಾಗ) ಕೊಟ್ಟು ಸರಿಮಾಡಲು ಹೋದರೆ ಮೂರನೇ ಸಾಲಿನ ತಲೆಕಟ್ಟು ಇಣುಕುತ್ತದೆ. ಹಾಗಾಗಿ ಅಲ್ಲೂ ಲೈನ್-ಹೈಟ್ ಏರಿಸುವುದೇ ದಾರಿ, ಇಲ್ಲವೇ ಕ್ಲ್ಯಾಂಪನ್ನೇ ತೆಗೆದು ಶೀರ್ಷಿಕೆಗಳನ್ನು ಚಿಕ್ಕದಾಗಿ ಬರೆಯುವುದು.

ಬಟನ್‌ಗಳಿಗೂ ಇದೇ ಗತಿ. ಥೀಮ್ ಬಟನ್‌ಗೆ 36 ಪಿಕ್ಸೆಲ್ ಎಂದು ಕಡ್ಡಾಯ ಎತ್ತರ ಕೊಟ್ಟಿದ್ದರೆ "ವಾಟ್ಸಾಪ್‌ನಲ್ಲಿ ಕೇಳಿ" ಎಂಬ ಬರಹದ ಒತ್ತು ಅಂಚಿಗೆ ಬಡಿಯುತ್ತದೆ. ಎತ್ತರದ ಬದಲು ಕನಿಷ್ಠ ಎತ್ತರ 48 ಕೊಟ್ಟು, ಮೇಲೆ ಕೆಳಗೆ 12 ಪಿಕ್ಸೆಲ್ ಪ್ಯಾಡಿಂಗ್ ಇಡಿ. ಬೆರಳಿಗೂ ಅದು ಸರಿಯಾದ ಅಳತೆ.

ಲೇಖನದ ಅಕ್ಷರದ ಗಾತ್ರ 18 ಪಿಕ್ಸೆಲ್‌ಗಿಂತ ಕೆಳಗೆ ಇಳಿಯದಿರಲಿ. ಕನ್ನಡದ ಒತ್ತು ಮೂಲ ಅಕ್ಷರಕ್ಕಿಂತ ಬಹಳ ಸಣ್ಣದು. 14ಕ್ಕೆ ಇಳಿಸಿದರೆ ತ ಒತ್ತು ಯಾವುದು, ನ ಒತ್ತು ಯಾವುದು ಎಂದು ಕಣ್ಣು ಕಿರಿದು ಮಾಡಿ ನೋಡಬೇಕಾಗುತ್ತದೆ. ಚಿತ್ರದ ಅಡಿಬರಹವನ್ನೂ 15ರ ಕೆಳಗೆ ಇಳಿಸಬೇಡಿ. ಅದನ್ನು ತಿಳಿಬೂದು ಬಣ್ಣದಲ್ಲಿ ಇಡುವ ಚಾಳಿ ಥೀಮ್‌ಗಳಿಗಿದೆ. ಹಿನ್ನೆಲೆಗೂ ಅಕ್ಷರಕ್ಕೂ ಕನಿಷ್ಠ 4.5ಕ್ಕೆ 1ರ ಹೊಳಪಿನ ವ್ಯತ್ಯಾಸ ಇರಲೇಬೇಕು.

ಥೀಮ್‌ನಲ್ಲಿ ಹುಡುಕಿ ತೆಗೆಯಬೇಕಾದ ಇನ್ನೂ ನಾಲ್ಕು ವಿಷಯ ಇವೆ. ಲೆಟರ್-ಸ್ಪೇಸಿಂಗ್ ಸೊನ್ನೆ ಮಾಡಿ. ಇಂಗ್ಲಿಷ್ ದೊಡ್ಡಕ್ಷರಗಳಿಗೆಂದು ಕೊಟ್ಟ ಬಿಡುವು ಕನ್ನಡ ಪದವನ್ನು ಚೆಲ್ಲಾಪಿಲ್ಲಿ ಮಾಡುತ್ತದೆ. ಎರಡೂ ಅಂಚು ಸಮ ಮಾಡುವ ಜಸ್ಟಿಫೈ ಬೇಡ. ನಮ್ಮ ಪದಗಳು ಉದ್ದ, ಫೋನಿನ ಸಾಲಿನಲ್ಲಿ ಮೂರು ನಾಲ್ಕೇ ಪದ ಹಿಡಿಯುವುದು, ನಡುವೆ ಕಂದಕ ಬೀಳುತ್ತದೆ. ಮೊದಲ ಅಕ್ಷರವನ್ನು ದೊಡ್ಡದು ಮಾಡುವ ಅಲಂಕಾರ ಬೇಡ. ಲೇಖನ ಒತ್ತಕ್ಷರದಿಂದ ಶುರುವಾದರೆ ಅಕ್ಷರವೇ ಒಡೆದುಹೋಗುತ್ತದೆ. ಇಟಾಲಿಕ್ ಕೂಡ ಬೇಡ. ಹೆಚ್ಚಿನ ಕನ್ನಡ ಫಾಂಟ್‌ಗಳಲ್ಲಿ ಅದಿಲ್ಲದ ಕಾರಣ ಬ್ರೌಸರ್ ನೆಟ್ಟಗಿನ ಅಕ್ಷರವನ್ನೇ ಬಲವಂತವಾಗಿ ಓರೆ ಮಾಡುತ್ತದೆ.

ಉದ್ದ ಪದ ಪರದೆಯಾಚೆ ಹೋದರೆ ಓವರ್‌ಫ್ಲೋ-ರ್‍ಯಾಪ್ ಸೂಚನೆಗೆ ಬ್ರೇಕ್-ವರ್ಡ್ ಕೊಡಿ. ವರ್ಡ್-ಬ್ರೇಕ್‌ಗೆ ಬ್ರೇಕ್-ಆಲ್ ಕೊಟ್ಟವರನ್ನು ನೋಡಿದ್ದೇನೆ. ಅದು ಜಾಗವಿದ್ದರೂ ಇಲ್ಲದಿದ್ದರೂ ಪದವನ್ನು ಎಲ್ಲೆಂದರಲ್ಲಿ ಕತ್ತರಿಸುತ್ತದೆ.

ಹಗುರಪುಟ:

ಫಾಂಟ್ ವಿಷಯ ಯಾರೂ ಎತ್ತಲಿಲ್ಲ. ಲೇಖನದ ಪಠ್ಯಕ್ಕೆ ಹೊರಗಿನ ಫಾಂಟ್ ಬೇಕೇ ಇಲ್ಲ ಎನ್ನುವುದು ನನ್ನ ನಿಲುವು. ಆಂಡ್ರಾಯ್ಡ್‌ನಲ್ಲಿ ನೋಟೊ ಸಾನ್ಸ್ ಕನ್ನಡ, ವಿಂಡೋಸ್‌ನಲ್ಲಿ ನಿರ್ಮಲಾ ಯುಐ, ಆಪಲ್‌ನಲ್ಲಿ ಕನ್ನಡ ಸಂಗಮ್ ಮೊದಲೇ ಇವೆ. ಒಂದು ಬೈಟೂ ಇಳಿಸಿಕೊಳ್ಳದೆ ಪಠ್ಯ ತಕ್ಷಣ ಕಾಣುತ್ತದೆ. ಹಳ್ಳಿಯಲ್ಲಿ ಸಿಗ್ನಲ್ ಒಂದೇ ಗೆರೆ ಇರುವಾಗ ಇದು ಸಣ್ಣ ಲಾಭವಲ್ಲ.

ಒತ್ತಕ್ಷರ:

ಪಠ್ಯಕ್ಕೆ ಒಪ್ಪುತ್ತೇನೆ. ಶೀರ್ಷಿಕೆಗೆ ಮಾತ್ರ ಒಂದು ಫಾಂಟ್ ಇದ್ದರೆ ಅಂಗಡಿಗೊಂದು ಮುಖ ಬರುತ್ತದೆ. ಅನೇಕ್ ಕನ್ನಡ, ಬಲೂ ತಮ್ಮ 2, ನೋಟೊ ಸೆರಿಫ್ ಕನ್ನಡ, ಮೂರೂ ಮುಕ್ತ ಪರವಾನಗಿಯವು. ಟಿರೊ ಕನ್ನಡ ಓದಲು ಬಲು ಚೆಂದ, ಆದರೆ ಅದರಲ್ಲಿ ಬೋಲ್ಡ್ ಇಲ್ಲ. ಬೋಲ್ಡ್ ಇಲ್ಲದ ಫಾಂಟನ್ನು ದಪ್ಪ ಶೀರ್ಷಿಕೆಗೆ ಹಾಕಿದರೆ ಬ್ರೌಸರ್ ತಾನೇ ಗೆರೆಗಳನ್ನು ಉಬ್ಬಿಸುತ್ತದೆ, ಒತ್ತಿನ ಒಳಗಿನ ಖಾಲಿ ಜಾಗ ಮುಚ್ಚಿಹೋಗುತ್ತದೆ. ಅದನ್ನು ಬಳಸುವುದಾದರೆ ಶೀರ್ಷಿಕೆಯನ್ನೂ ಮಾಮೂಲು ದಪ್ಪದಲ್ಲೇ ಇಡಿ.

ಹಗುರಪುಟ:

ಸರಿ. ಹಾಗಿದ್ದರೆ ಫಾಂಟನ್ನು ನಿಮ್ಮ ಸರ್ವರ್‌ನಲ್ಲೇ ವಾಫ್2 ಎಂಬ ಕುಗ್ಗಿಸಿದ ರೂಪದಲ್ಲಿ ಇಟ್ಟು, ಫಾಂಟ್-ಡಿಸ್‌ಪ್ಲೇಗೆ ಸ್ವಾಪ್ ಕೊಡಿ, ಆಗ ಫಾಂಟ್ ಬರುವವರೆಗೂ ಪಠ್ಯ ಕಾಣುತ್ತಿರುತ್ತದೆ. ಗಾತ್ರ ಇಳಿಸಲು ಕನ್ನಡ ಅಕ್ಷರಗಳನ್ನಷ್ಟೇ ಉಳಿಸಿಕೊಳ್ಳುವಾಗ ಎರಡು ತಪ್ಪು ಆಗುತ್ತವೆ. ಒಂದು, ಅಕ್ಷರ ಜೋಡಿಸುವ ನಿಯಮಗಳ ಕೋಷ್ಟಕವನ್ನೂ ಕಿತ್ತುಹಾಕುವುದು. ಆಗ "ಎಣ್ಣೆ" ಎಂಬುದರಲ್ಲಿ ಒತ್ತು ಮೂಡದೆ ಣ್ ಬೇರೆ, ಣೆ ಬೇರೆ ಆಗಿ ಕಾಣುತ್ತವೆ. ಇನ್ನೊಂದು, ರೂಪಾಯಿ ಚಿಹ್ನೆಯನ್ನೂ ಕಣ್ಣಿಗೆ ಕಾಣದ ಜೋಡಕ, ಬಿಡಿಕ ಚಿಹ್ನೆಗಳನ್ನೂ ಮರೆಯುವುದು. "ವಾಟ್ಸಾಪ್‌ನಲ್ಲಿ" ಎಂದು ಬರೆಯುವಾಗ ಪ ಅಕ್ಷರಕ್ಕೆ ನ ಒತ್ತು ಬೀಳದಂತೆ ತಡೆಯುವುದು ಆ ಬಿಡಿಕವೇ. ಅದು ಫಾಂಟಿನಲ್ಲಿ ಇಲ್ಲದಿದ್ದರೆ ಪದದ ನಡುವೆ ಬೇರೆ ಫಾಂಟ್ ನುಸುಳಬಹುದು.

ಇನ್ನು ಚಿತ್ರಗಳು. ಫೋನಿನಲ್ಲಿ ತೆಗೆದ 4000 ಪಿಕ್ಸೆಲ್ ಅಗಲದ ಚಿತ್ರವನ್ನು ಹಾಗೇ ಏರಿಸಬೇಡಿ. ವರ್ಡ್‌ಪ್ರೆಸ್ 2560ಕ್ಕೆ ಇಳಿಸುತ್ತದೆ ನಿಜ, ಅದೂ ನಮಗೆ ಹೆಚ್ಚು. 1200ಕ್ಕೆ 675 ಅಳತೆ, ವೆಬ್‌ಪಿ ರೂಪ, 100 ಕೆಬಿ ಒಳಗೆ. ಎಣ್ಣೆಯ ಬಣ್ಣ ಸರಿಯಾಗಿ ಕಾಣಬೇಕಾದರೆ ಬಾಟಲಿಯ ಹಿಂದಿನಿಂದ ಬೆಳಕು ಬರುವಂತೆ, ಕಿಟಕಿಯ ಮುಂದಿಟ್ಟು ತೆಗೆಯಿರಿ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಕಡಲೆಕಾಯಿ ಎಣ್ಣೆ ಹಸಿರು ತಿರುಗಿದಂತೆ ಕಾಣುತ್ತದೆ. ಪ್ರತಿ ಚಿತ್ರಕ್ಕೂ ಅಗಲ, ಎತ್ತರ ಎರಡನ್ನೂ ಎಚ್‌ಟಿಎಂಎಲ್‌ನಲ್ಲಿ ನಮೂದಿಸಿ. ಇಲ್ಲದಿದ್ದರೆ ಚಿತ್ರ ಬಂದ ಕ್ಷಣ ಪಠ್ಯ ಕೆಳಕ್ಕೆ ಜಿಗಿಯುತ್ತದೆ, ಓದುಗ ಒತ್ತಲು ಹೋದದ್ದು ಒಂದು, ಒತ್ತಿದ್ದು ಇನ್ನೊಂದು ಆಗುತ್ತದೆ. ತಡವಾಗಿ ಇಳಿಸುವ ಲೇಜಿ ಲೋಡಿಂಗ್ ಕೆಳಗಿನ ಚಿತ್ರಗಳಿಗೆ ಮಾತ್ರ. ಮೊದಲ ಪರದೆಯ ಚಿತ್ರಕ್ಕೆ ಬೇಡ. ವರ್ಡ್‌ಪ್ರೆಸ್‌ಗೆ ಸೇರಿಸಿಕೊಳ್ಳುವ ಕೆಲವು ವೇಗವರ್ಧಕ ಪ್ಲಗಿನ್‌ಗಳು ಎಲ್ಲಕ್ಕೂ ಅದನ್ನೇ ಹಚ್ಚಿ ಮೊದಲ ಚಿತ್ರವನ್ನೇ ನಿಧಾನ ಮಾಡುತ್ತವೆ.

ಗೂಗಲ್ ಒಳ್ಳೆಯದೆಂದು ಇಟ್ಟಿರುವ ಗಡಿ: ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು, ಜಿಗಿತದ ಅಂಕ 0.1 ಮೀರಬಾರದು, ಒತ್ತಿದ್ದಕ್ಕೆ ಪ್ರತಿಕ್ರಿಯೆ 200 ಮಿಲಿಸೆಕೆಂಡಿನೊಳಗೆ ಬರಬೇಕು. ಮುಖಪುಟದ ಜಾರುಚಿತ್ರ ತೆಗೆದುಹಾಕಿದರೆ ಸಣ್ಣ ತಾಣ ಈ ಗಡಿಗೆ ಎಷ್ಟೋ ಹತ್ತಿರ ಬರುತ್ತದೆ.

ಮಾರುಕಟ್ಟೆಮಾತು:

ವಿಚಾರಣೆ ಬರದಿರುವುದಕ್ಕೆ ಸೈಡ್‌ಬಾರ್ ಒಂದೇ ಕಾರಣವಲ್ಲ. "ನಮ್ಮನ್ನು ಸಂಪರ್ಕಿಸಿ" ಎಂದು ಫಾರ್ಮ್ ಇಟ್ಟಿದ್ದರೆ ತೆಗೆಯಿರಿ. ಹೆಸರು, ಇಮೇಲ್, ವಿಷಯ, ಸಂದೇಶ ಎಂದು ನಾಲ್ಕು ಕಡೆ ಕನ್ನಡದಲ್ಲಿ ಟೈಪ್ ಮಾಡುವ ತಾಳ್ಮೆ ಎಣ್ಣೆ ಕೊಳ್ಳುವವರಿಗಿಲ್ಲ.

ವಾಟ್ಸಾಪ್ ಕೊಂಡಿಯಲ್ಲಿ 91 ಹಾಕಿ ಹತ್ತಂಕಿಯ ನಂಬರ್ ಬರೆಯಿರಿ. ಮುಂದೆ ಪ್ಲಸ್ ಚಿಹ್ನೆ, ಸೊನ್ನೆ, ನಡುವೆ ಖಾಲಿ ಜಾಗ ಯಾವುದೂ ಇರಬಾರದು, ಇದ್ದರೆ ಕೊಂಡಿ ತೆರೆಯದೇ ಇರಬಹುದು. ಅದೇ ಕೊಂಡಿಗೆ ಮೊದಲೇ ಬರೆದ ಸಂದೇಶ ಸೇರಿಸಿ, ಲೇಖನಕ್ಕೊಂದು ಬೇರೆ: "ಕೊಬ್ಬರಿ ಎಣ್ಣೆ ಲೇಖನ ಓದಿದೆ. 1 ಲೀಟರ್, 5 ಲೀಟರ್ ಬೆಲೆ ತಿಳಿಸಿ." ಕೊಳ್ಳುವವರಿಗೆ ಟೈಪ್ ಮಾಡುವ ಕೆಲಸ ಉಳಿಯುತ್ತದೆ, ಯಾವ ಲೇಖನದಿಂದ ಬಂದರೆಂದು ನಿಮಗೂ ತಿಳಿಯುತ್ತದೆ.

ಪುಟ ತೆರೆದ ಕೂಡಲೇ ಪರದೆ ಮುಚ್ಚುವ ಪಾಪ್‌ಅಪ್ ಬೇಡ. ಮೊಬೈಲ್‌ನಲ್ಲಿ ಹೀಗೆ ಪಠ್ಯ ಮರೆಮಾಡುವ ಪುಟಗಳನ್ನು ಗೂಗಲ್ 2017ರ ಜನವರಿಯಿಂದಲೇ ಹಿಂದಕ್ಕೆ ತಳ್ಳಬಹುದೆಂದು ಹೇಳಿದೆ.

ಇನ್ನು ಪದಗಳ ವಿಷಯ. ತುಮಕೂರಿನಲ್ಲಿ ಕಡಲೆಕಾಯಿ ಎಣ್ಣೆ, ಧಾರವಾಡದ ಕಡೆ ಶೇಂಗಾ ಎಣ್ಣೆ. ನಿಮ್ಮ ಹುಚ್ಚೆಳ್ಳು ಅಲ್ಲಿ ಗುರೆಳ್ಳು, ಕುಸುಬೆ ಅಲ್ಲಿ ಕುಸುಬಿ. ಕೊರಿಯರ್‌ನಲ್ಲಿ ಕಳಿಸುವುದಿದ್ದರೆ ಮೊದಲ ಪ್ಯಾರಾದಲ್ಲೇ ಎರಡೂ ಹೆಸರು ಸಹಜವಾಗಿ ಬರಲಿ. "ಕೋಲ್ಡ್ ಪ್ರೆಸ್ಡ್" ಎಂಬ ಮಾತೂ ಒಮ್ಮೆ ಬರಲಿ. ಬೆಂಗಳೂರಿನವರು ಹುಡುಕುವುದು ಅದನ್ನೇ.

ಒಂದು ಎಚ್ಚರಿಕೆ. ಉತ್ಪನ್ನದ ಕಾರ್ಡ್ ಪಕ್ಕದಲ್ಲಿ "ಮಧುಮೇಹ ಗುಣವಾಗುತ್ತದೆ", "ಹೃದ್ರೋಗ ತಡೆಯುತ್ತದೆ" ಎಂದು ಬರೆಯಬೇಡಿ. ಆಹಾರ ಪದಾರ್ಥ ರೋಗ ವಾಸಿ ಮಾಡುತ್ತದೆ ಎಂದು ಹೇಳಿಕೊಳ್ಳುವುದನ್ನು 2018ರ ಆಹಾರ ಸುರಕ್ಷತಾ ಜಾಹೀರಾತು ನಿಯಮಗಳು ನಿಷೇಧಿಸಿವೆ. ಅದಕ್ಕಿಂತ ಮುಖ್ಯವಾಗಿ, ಯಾರಾದರೂ ಅದನ್ನು ನಂಬಿ ಮಾತ್ರೆ ನಿಲ್ಲಿಸಿದರೆ ಆಗುವ ಹಾನಿ ದೊಡ್ಡದು. ಬದಲಿಗೆ ಆಹಾರ ಸುರಕ್ಷತಾ ಪ್ರಾಧಿಕಾರ ಕೊಡುವ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್, ಹಿಂಡಿದ ದಿನಾಂಕ, ಎಷ್ಟು ದಿನ ಬಾಳುತ್ತದೆ ಎಂಬುದನ್ನು ಕಾರ್ಡ್‌ನಲ್ಲೇ ತೋರಿಸಿ.

ಓದುಗಣ್ಣು:

ಪುಟದ ವಿಳಾಸ ಹೇಗಿದೆ ನೋಡಿದಿರಾ? ಶೀರ್ಷಿಕೆ ಕನ್ನಡದಲ್ಲಿದ್ದರೆ ವರ್ಡ್‌ಪ್ರೆಸ್ ವಿಳಾಸವನ್ನೂ ಕನ್ನಡದಲ್ಲೇ ಮಾಡುತ್ತದೆ. ಕನ್ನಡದ ಪ್ರತಿ ಚಿಹ್ನೆ 3 ಬೈಟ್, ವಿಳಾಸದೊಳಗೆ ಪ್ರತಿ ಬೈಟ್ ಶೇಕಡಾ ಗುರುತಿನೊಡನೆ 3 ಸ್ಥಾನ ತಿನ್ನುತ್ತದೆ. ಅಂದರೆ ಒಂದು ಚಿಹ್ನೆಗೆ 9 ಸ್ಥಾನ. ಗುಣಿತ, ಅರ್ಧಾಕ್ಷರದ ಚಿಹ್ನೆಗಳೂ ಬೇರೆ ಬೇರೆ ಲೆಕ್ಕ. "ಕಡಲೆಕಾಯಿ" 8 ಚಿಹ್ನೆ, "ಎಣ್ಣೆ" 5. ನಡುವಿನ ಅಡ್ಡಗೆರೆ ಸೇರಿ 118 ಸ್ಥಾನ. ವರ್ಡ್‌ಪ್ರೆಸ್ ಇದಕ್ಕೆ ಇಟ್ಟಿರುವ ಮಿತಿ 200. ಹಾಗಾಗಿ ಸುಮಾರು 22 ಚಿಹ್ನೆಗೆ ವಿಳಾಸ ತುಂಡಾಗುತ್ತದೆ. ವಾಟ್ಸಾಪ್‌ನಲ್ಲಿ ಹಂಚಿದಾಗ ಕಾಣುವುದು ಶೇಕಡಾ ಗುರುತುಗಳ ಸರಮಾಲೆ, ಜನ ಅದನ್ನು ಮೋಸದ ಕೊಂಡಿ ಎಂದುಕೊಳ್ಳುತ್ತಾರೆ.

ಪರಿಹಾರ ಸುಲಭ. ಪ್ರಕಟಿಸುವ ಮೊದಲು ಸ್ಲಗ್ (ಪುಟದ ವಿಳಾಸದ ಕೊನೆಯ ಭಾಗ) ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಮೂರು ನಾಲ್ಕು ಪದ ಬರೆಯಿರಿ. ಹಳೆಯ 14 ಲೇಖನಗಳದ್ದೂ ಬದಲಿಸಬಹುದು, ಸ್ಲಗ್ ಬದಲಾದಾಗ ಹಳೆಯ ವಿಳಾಸದಿಂದ ಹೊಸದಕ್ಕೆ ವರ್ಡ್‌ಪ್ರೆಸ್ ತಾನೇ ಕಳಿಸುತ್ತದೆ. ಆದರೂ ಒಂದೊಂದನ್ನೂ ತೆರೆದು ನೋಡಿ.

ಹಂಚಿದಾಗ ಬರುವ ಚಿತ್ರ 1200ಕ್ಕೆ 630 ಇರಲಿ, ಬಾಟಲಿ ನಟ್ಟನಡುವೆ ಇರಲಿ, ಏಕೆಂದರೆ ಎಷ್ಟೋ ಕಡೆ ಅದನ್ನು ಚೌಕಕ್ಕೆ ಕತ್ತರಿಸುತ್ತಾರೆ. ಮುಖಪುಟದ ಕಾರ್ಡ್‌ನ ಸಾರಾಂಶ ವರ್ಡ್‌ಪ್ರೆಸ್‌ನಲ್ಲಿ ತಾನಾಗಿ 55 ಪದ ಇರುತ್ತದೆ. ಇಂಗ್ಲಿಷ್‌ಗೆ ಸರಿ, ಕನ್ನಡದಲ್ಲಿ ಅದು ಫೋನಿನ ಹದಿನೈದಕ್ಕೂ ಹೆಚ್ಚು ಸಾಲು. 18ರಿಂದ 20 ಪದಕ್ಕೆ ಇಳಿಸಿ.

ಮುಖಪುಟದಲ್ಲಿ ಕೊನೆಯಿಲ್ಲದೆ ಉರುಳುವ ಪಟ್ಟಿ ಬೇಡ. ವಿಳಾಸ, ನಕ್ಷೆ, ಸಮಯ ಎಲ್ಲ ಅಡಿಪಟ್ಟಿಯಲ್ಲಿವೆ. ಕೈಗೆ ಸಿಗುವಷ್ಟರಲ್ಲಿ ಹೊಸ ಲೇಖನಗಳು ಬಂದು ಅದನ್ನು ಕೆಳಗೆ ತಳ್ಳುತ್ತವೆ. ಪುಟಕ್ಕೆ 8 ಲೇಖನ, ಕೆಳಗೆ "ಹಳೆಯ ಲೇಖನಗಳು".

ಪುಟದ ಭಾಷೆ ಕನ್ನಡ ಎಂದು ಸೈಟ್ ಸೆಟ್ಟಿಂಗ್‌ನಲ್ಲಿ ಆರಿಸಿ. ಇಂಗ್ಲಿಷ್ ಎಂದೇ ಉಳಿದರೆ ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ ಇಂಗ್ಲಿಷ್ ಧ್ವನಿ ಹಿಡಿದು ಕನ್ನಡವನ್ನು ಓದಲಾರದೆ ಹೋಗುತ್ತದೆ. ಕಣ್ಣು ಕಾಣದವರೂ ಎಣ್ಣೆ ಕೊಳ್ಳುತ್ತಾರೆ, ವಯಸ್ಸಾದವರು ಕೇಳಿಸಿಕೊಳ್ಳುತ್ತಾರೆ.

ಗಾಣದಮನೆ:

ಬಹಳ ಉಪಕಾರವಾಯಿತು. ಲೈನ್-ಹೈಟ್, ಬಟನ್, ಸ್ಲಗ್, ಸಾರಾಂಶ ಬದಲಾದವು. ಒತ್ತುಗಳೆಲ್ಲ ಪೂರ್ತಿ ಕಾಣುತ್ತಿವೆ. ಮೂರು ಪ್ರಶ್ನೆ ಉಳಿದಿವೆ. ಹಳೆಯ ಎರಡು ಲೇಖನ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದವು, ಅಂಟಿಸಿದರೆ ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ. ಪ್ರಶ್ನೋತ್ತರ ತೋರಿಸಲು ಒಂದು ಪ್ಲಗಿನ್ ಸೂಚಿಸಿದ್ದಾರೆ, ಬೇಕೇ? ಬೆಲೆ ತಿಂಗಳಿಗೊಮ್ಮೆ ಬದಲಾಗುತ್ತದೆ, 14 ಲೇಖನದಲ್ಲೂ ತಿದ್ದುವುದು ಹೇಗೆ?

ಒತ್ತಕ್ಷರ:

ಅದು ನುಡಿಯ ಹಳೆಯ ಆಸ್ಕಿ ಬರಹ, ಅಂದರೆ ಇಂಗ್ಲಿಷ್ ಚಿಹ್ನೆಗಳ ಸಂಕೇತಗಳ ಮೇಲೆ ಕನ್ನಡದ ಆಕಾರ ಕೂರಿಸಿದ್ದು. ಫಾಂಟ್ ಬದಲಿಸಿದರೆ ಸರಿಹೋಗದು, ಯೂನಿಕೋಡ್‌ಗೆ ಪರಿವರ್ತಿಸಲೇಬೇಕು. ಪರಿವರ್ತಿಸಿದ ಮೇಲೆ ಒಂದು ಸಲ ಪೂರ್ತಿ ಓದಿ. ಅರ್ಕಾವತ್ತು, ಅಂಕಿಗಳು, ನಡುವೆ ಬಂದ ಇಂಗ್ಲಿಷ್ ಪದಗಳು ಕೆಡುವುದು ಹೆಚ್ಚು. 500 ಮಿಲಿ ಎಂಬುದು ಬೇರೇನೋ ಆಗಿ ಪ್ರಕಟವಾಗಬಾರದು.

ಮಾರುಕಟ್ಟೆಮಾತು:

ಪ್ಲಗಿನ್ ಬೇಡ. ಹುಡುಕಾಟದ ಫಲಿತಾಂಶದಲ್ಲಿ ಪ್ರಶ್ನೋತ್ತರ ಬಿಚ್ಚಿ ತೋರಿಸುವುದನ್ನು ಗೂಗಲ್ 2023ರ ಆಗಸ್ಟ್‌ನಲ್ಲಿ ಸರ್ಕಾರಿ ಮತ್ತು ಆರೋಗ್ಯ ತಾಣಗಳಿಗೆ ಸೀಮಿತ ಮಾಡಿತು. ಎಣ್ಣೆ ಅಂಗಡಿಗೆ ಅದರಿಂದ ಸಿಗುವುದೇನಿಲ್ಲ. ಜನ ಕೇಳುವ ಪ್ರಶ್ನೆಗಳನ್ನೇ ಲೇಖನದ ಉಪಶೀರ್ಷಿಕೆ ಮಾಡಿ: "ತಳದಲ್ಲಿ ಮಡ್ಡಿ ನಿಂತರೆ ಎಣ್ಣೆ ಕೆಟ್ಟಿದೆಯೇ?"

ಪುಟವಿನ್ಯಾಸ:

ಬೆಲೆಯನ್ನು ಲೇಖನದ ವಾಕ್ಯದೊಳಗೆ ಎಲ್ಲೂ ಬರೆಯಬೇಡಿ. ಐದು ಎಣ್ಣೆಗೆ ಐದು ಕಾರ್ಡ್ ಮಾಡಿ, ಪ್ರತಿಯೊಂದನ್ನೂ ಸಿಂಕ್ಡ್ ಪ್ಯಾಟರ್ನ್ ಆಗಿ ಉಳಿಸಿ. ವರ್ಡ್‌ಪ್ರೆಸ್ 6.3ಕ್ಕೆ ಮೊದಲು ಇದನ್ನೇ ಮರುಬಳಕೆಯ ಬ್ಲಾಕ್ ಎನ್ನುತ್ತಿದ್ದರು. ಒಂದು ಕಡೆ ತಿದ್ದಿದರೆ ಬಳಸಿದ ಕಡೆಯೆಲ್ಲ ಬದಲಾಗುತ್ತದೆ. ಲೇಖನದೊಳಗೆ ಕಾರ್ಡನ್ನು ಬಿಡಿಸಿ ಬೇರೆ ಮಾಡುವ ಡಿಟ್ಯಾಚ್ ಆಯ್ಕೆ ಮಾತ್ರ ಒತ್ತಬೇಡಿ, ಒತ್ತಿದರೆ ಆ ಲೇಖನದ ಬೆಲೆ ಅಲ್ಲಿಗೇ ನಿಲ್ಲುತ್ತದೆ. ಕಾರ್ಡ್‌ನಲ್ಲಿ ಬೆಲೆಯ ಪಕ್ಕ "ಈ ತಿಂಗಳ ಬೆಲೆ" ಎಂದು ತಿಂಗಳ ಹೆಸರು ಸೇರಿಸಿ.

ಗಾಣದಮನೆ:

ಕಾರ್ಡ್ ಸಿದ್ಧ. ಆದರೆ ಕಡಲೆಕಾಯಿ ಎಣ್ಣೆಯ ಬೆಲೆ ತಿದ್ದಿದ ಮೇಲೂ ಫೋನಿನಲ್ಲಿ ಹಳೆಯದೇ ಕಾಣುತ್ತಿದೆ. ಜೊತೆಗೆ ತಳದಲ್ಲಿ ಸದಾ ನಿಲ್ಲುವ ವಾಟ್ಸಾಪ್ ಪಟ್ಟಿ ಹಾಕಿದ ಮೇಲೆ ಅಡಿಪಟ್ಟಿಯ ಕೊನೆಯ ಸಾಲು ಅದರ ಹಿಂದೆ ಮುಚ್ಚಿಹೋಗಿದೆ.

ಹಗುರಪುಟ:

ಬೆಲೆ ಹಳೆಯದು ಕಾಣುವುದು ಕ್ಯಾಶ್‌ನಿಂದ, ಅಂದರೆ ವೇಗಕ್ಕಾಗಿ ಮೊದಲೇ ಉಳಿಸಿಟ್ಟ ಪುಟದ ಪ್ರತಿಯಿಂದ. ಹೆಚ್ಚಿನ ಕ್ಯಾಶ್ ಪ್ಲಗಿನ್‌ಗಳು ತಿದ್ದಿದ ಲೇಖನದ ಪ್ರತಿಯನ್ನಷ್ಟೇ ಅಳಿಸುತ್ತವೆ. ನೀವು ತಿದ್ದಿದ್ದು ಪ್ಯಾಟರ್ನ್, ಲೇಖನವಲ್ಲ. ಹಾಗಾಗಿ 14 ಪುಟಗಳ ಹಳೆಯ ಪ್ರತಿಗಳೇ ಉಳಿದಿವೆ. ಬೆಲೆ ಬದಲಿಸಿದ ದಿನ ಇಡೀ ತಾಣದ ಕ್ಯಾಶ್ ಅಳಿಸಿ, ಆಮೇಲೆ ಬ್ರೌಸರ್‌ನ ಖಾಸಗಿ ಕಿಟಕಿಯಲ್ಲಿ ಎರಡು ಲೇಖನ ತೆರೆದು ಬೆಲೆ ಸರಿಯಿದೆಯೇ ನೋಡಿ.

ಪಟ್ಟಿಯ ಎತ್ತರ ಎಷ್ಟೋ ಅಷ್ಟೇ ಖಾಲಿ ಜಾಗವನ್ನು ಪುಟದ ಬಾಡಿ ಭಾಗಕ್ಕೆ ಕೆಳಗಿನ ಪ್ಯಾಡಿಂಗ್ ಆಗಿ ಕೊಡಿ, 56 ಇದ್ದರೆ 56. ಐಫೋನ್‌ನಲ್ಲಿ ಪರದೆಯ ತಳದ ಗೆರೆಗೂ ಜಾಗ ಬೇಕು. ಅದಕ್ಕೆ ಸೇಫ್-ಏರಿಯಾ-ಇನ್‌ಸೆಟ್-ಬಾಟಮ್ ಅಳತೆಯನ್ನು ಪಟ್ಟಿಯ ಪ್ಯಾಡಿಂಗ್‌ಗೂ ಬಾಡಿಯ ಪ್ಯಾಡಿಂಗ್‌ಗೂ ಸೇರಿಸಿ. ಆ ಅಳತೆ ಸೊನ್ನೆ ಬರುತ್ತಿದ್ದರೆ ವ್ಯೂಪೋರ್ಟ್ ಟ್ಯಾಗ್‌ನಲ್ಲಿ ವ್ಯೂಪೋರ್ಟ್-ಫಿಟ್ ಕವರ್ ಇಲ್ಲದಿರಬಹುದು, ಇಲ್ಲದಿದ್ದರೆ ಅದನ್ನೂ ಸೇರಿಸಿ.